ಟ್ಯೂಬಿಂಗೆನ್ನಿನ ವಿವಾದವೂ ಕನ್ನಡದ ಸುವಾರ್ತೆಗಳೂ

ಜರ್ಮನಿಯ ಟ್ಯೂಬಿಂಗೆನ್ ವಿದ್ಯಾಪೀಠದಲ್ಲಿ ಡೇವಿಡ್ ಫ್ರೀಡ್ರಿಖ್ ಸ್ಟ್ರೌಸ್ ಎಂಬ ತರುಣ ಪಂಡಿತನು ಯೇಸುವಿನ ಚರಿತ್ರೆಯನ್ನು ವಿಮರ್ಶಿಸುವ ಎರಡು ಸಂಪುಟಗಳನ್ನು 1835-36ರಲ್ಲಿ ಪ್ರಕಟಿಸಿ, ಅದರ ಫಲವಾಗಿ ತನ್ನ ಅಧ್ಯಾಪಕವೃತ್ತಿಯನ್ನೇ ಕಳೆದುಕೊಂಡ ಕಾಲಕ್ಕೂ, ಬಾಸೆಲ್ ಮಿಷನ್ನಿನ ಮೊದಲ ಪ್ರಚಾರಕರು ಮಂಗಳೂರಿಗೆ ಬಂದಿಳಿದ 1834ಕ್ಕೂ ನಡುವೆ ಹೆಚ್ಚಿನ ಅಂತರವಿಲ್ಲ. ಈ ಸಾಮೀಪ್ಯವು ಬರಿಯ ಪಂಚಾಂಗದ ಆಕಸ್ಮಿಕವಲ್ಲ. 1836ರಲ್ಲಿ ಇಂಡಿಯಾಕ್ಕೆ ಬಂದು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗನು ದೇವತಾಶಾಸ್ತ್ರವನ್ನು ವ್ಯಾಸಂಗ ಮಾಡಿದುದು ಆ ಟ್ಯೂಬಿಂಗೆನ್ನಿನಲ್ಲಿಯೇ, ಮಲಯಾಳ ಭಾಷೆಗೆ ನಿಘಂಟನ್ನಿತ್ತ ಹರ್ಮನ್ ಗುಂಡರ್ಟನಂತೂ ಸ್ಟ್ರೌಸನ ಪಾಠವನ್ನು ಸಾಕ್ಷಾತ್ತಾಗಿ ಕೇಳಿ, ಕೆಲಕಾಲ ಆ ವಿಚಾರಧಾರೆಗೆ ಒಲಿದು, ಬಳಿಕ ಅದರಿಂದ ಹಿಂದೆಗೆದು ದೀಕ್ಷಾಬದ್ಧನಾದವನು. ಹೀಗೆ ನಮ್ಮ ಕರಾವಳಿಗೆ ಸುವಾರ್ತೆಗಳನ್ನು ಹೊತ್ತು ತಂದವರಲ್ಲಿ ಕೆಲವರಾದರೂ, ಅವುಗಳ ಪ್ರಾಮಾಣ್ಯವನ್ನು ಕುರಿತ ಯುರೋಪಿನ ಅತ್ಯುಗ್ರವಾದ ಚರ್ಚೆಯ ನಡುವಿನಿಂದಲೇ ಎದ್ದು ಬಂದವರಾಗಿದ್ದರು.

ಆದರೆ ಆ ಚರ್ಚೆಯ ಧ್ವನಿ ಕನ್ನಡದ ಅಚ್ಚಿನ ಪುಟಗಳಲ್ಲಿ ಕೇಳಿಸಿದುದು ವಿರಳ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಕೊಂಡ ಬೈಬಲಿನ ಭಾಷಾಂತರವು 1831ರ ವೇಳೆಗೆ ಪೂರ್ಣವಾಗಿ ಹೊರಬಂದಿತ್ತು. 1862ರಲ್ಲಿ ಕಿಟೆಲ್ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಿಂದ ನಮ್ಮ ಛಂದಸ್ಸಿಗೆ ಇಳಿಸಿದನು. ಪ್ರಚಾರಕ್ಕೆಂದು ಸಿದ್ಧವಾದ ಗ್ರಂಥದಲ್ಲಿ ಸಂಶಯದ ಸೋಂಕನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ. ಹೀಗಿದ್ದರೂ, ಜೈಮಿನಿಭಾರತ ಬಸವಪುರಾಣಾದಿಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ದಲ್ಲಿ ಮುದ್ರಿಸಿ ನಮ್ಮ ಗ್ರಂಥಸಂಪಾದನೆಗೆ ದಾರಿ ತೋರಿದ ಮೊಗ್ಲಿಂಗನಂಥವರ ಎದುರಿಗೇ, ಅವರ ಸ್ವಂತ ಶಾಸ್ತ್ರಗ್ರಂಥವು ಅದೇ ಬಗೆಯ ಪರೀಕ್ಷೆಗೆ ಗುರಿಯಾಗಿತ್ತೆಂಬುದನ್ನು ನೆನೆದರೆ ಕೌತುಕವಾಗದಿರದು.

ವಿವಾದದ ಮೂಲ ಬಹಳ ಹಳೆಯದು. ನಾಲ್ಕು ಸುವಾರ್ತೆಗಳಲ್ಲಿ ಒಂದರಲ್ಲಿಯೂ ಕರ್ತೃವು ಗ್ರಂಥದೊಳಗೆ ತನ್ನ ಹೆಸರನ್ನು ಹೇಳಿಕೊಂಡಿಲ್ಲ. ಮಾರ್ಕನು ಪೇತ್ರನ ದುಭಾಷಿಯಾಗಿದ್ದು, ನೆನಪಿದ್ದುದನ್ನು ಯಥಾರ್ಥವಾಗಿಯಾದರೂ ಕ್ರಮವಿಲ್ಲದೆ ಬರೆದನೆಂಬ ಮಾತು ಎರಡನೆಯ ಶತಮಾನದ ಪಾಪಿಯಾಸನದು. ಅದೂ ನಮಗೆ ದೊರೆತಿರುವುದು ನಾಲ್ಕನೆಯ ಶತಮಾನದ ಯೂಸೇಬಿಯಸನ ಚರ್ಚಿನ ಇತಿಹಾಸದ ಮೂಲಕ. ಸುಮಾರು 180ರಲ್ಲಿ ಇರೇನಿಯಸನು ನಾಲ್ವರನ್ನೂ ಹೆಸರಿಸಿ, ದಿಕ್ಕುಗಳು ನಾಲ್ಕಿರುವಂತೆ ಸುವಾರ್ತೆಗಳೂ ನಾಲ್ಕೇ ಇರತಕ್ಕವೆಂದು ವಾದಿಸಿದನು. ಭಕ್ತರಿಗೆ ಹಿತವಾದರೂ ಇತಿಹಾಸಕಾರನಿಗೆ ಇದು ಯಾತಕ್ಕೂ ಬಾರದು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಗ್ರೀಸ್‌ಬಾಖ್ ಎಂಬಾತನು ಮೊದಲ ಮೂರು ಸುವಾರ್ತೆಗಳನ್ನು ಪಕ್ಕಪಕ್ಕದ ಅಂಕಣಗಳಲ್ಲಿಟ್ಟು ಅಚ್ಚು ಮಾಡಿಸಿದ ಮೇಲೆ, ಅವುಗಳ ಸಾಮ್ಯವು ಒಬ್ಬರನ್ನೊಬ್ಬರು ನೋಡಿ ಬರೆದಿರದಿದ್ದರೆ ಸಂಭವಿಸದಷ್ಟು ನಿಕಟವಾದುದೆಂಬುದು ಕಣ್ಣಿಗೆ ಕಟ್ಟಿತು. ಮಾರ್ಕನ ಸುಮಾರು 660 ವಚನಗಳಲ್ಲಿ 600ರ ಸಾರವು ಮತ್ತಾಯನಲ್ಲಿದೆ. ಮಾರ್ಕನೇ ಮೊದಲಿಗನೆಂದೂ, ಮತ್ತಾಯ ಲೂಕರಿಬ್ಬರೂ ಅವನನ್ನಲ್ಲದೆ ಯೇಸುವಿನ ಉಕ್ತಿಗಳ ಮತ್ತೊಂದು ಸಂಗ್ರಹವನ್ನು ಬಳಸಿಕೊಂಡರೆಂದೂ ವೈಸೆ 1838ರಲ್ಲಿ ಸೂಚಿಸಿದನು; 1863ರಲ್ಲಿ ಹೋಲ್ಟ್ಸ್‌ಮನ್ ಅದನ್ನು ಬಲಪಡಿಸಿದನು. ಆ ಉಕ್ತಿಸಂಗ್ರಹದ ಒಂದು ಹಾಳೆಯೂ ಇಂದಿನವರೆಗೆ ಯಾರ ಕೈಗೂ ಸಿಕ್ಕಿಲ್ಲ. ಕಾಣದ ಗ್ರಂಥವನ್ನು ಕಲ್ಪಿಸುವುದು ಸಾಹಸವೆಂದು ತೋರಬಹುದಾದರೂ, ಕನ್ನಡಿಗನಾದವನು ಅಷ್ಟು ಬೇಗ ತಲೆಯಲ್ಲಾಡಿಸಲಾರನು. ಬಿಡಿಬಿಡಿಯಾಗಿದ್ದ ಶರಣರ ವಚನಗಳನ್ನು ಆಯ್ದು, ಅವುಗಳ ಸುತ್ತ ಸಂವಾದದ ಕಥಾಸೂತ್ರವನ್ನು ಹೆಣೆದು ಶೂನ್ಯಸಂಪಾದನೆಯನ್ನು ಕಟ್ಟಿದ ಪರಿ ನಮ್ಮ ಮುಂದಿದೆ.

ಶೂನ್ಯಸಂಪಾದನೆಯ ಸಾಕ್ಷ್ಯವನ್ನು ಇನ್ನೂ ಸ್ವಲ್ಪ ಹೊತ್ತು ಪರಿಶೀಲಿಸುವುದು ಉಚಿತ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣ, ಈ ನಾಲ್ವರ ಕೈಯಲ್ಲಿ ಒಂದೇ ಕಥೆ ನಾಲ್ಕು ರೂಪಗಳನ್ನು ತಳೆದಿದೆ. ಮೊದಲನೆಯದರಲ್ಲಿ ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾದ ಪ್ರಸಂಗವಿಲ್ಲ. ತರುವಾಯದವುಗಳಲ್ಲಿ ಅದು ವಿಸ್ತಾರವಾಗಿ ಬಂದು ಸೇರುತ್ತದೆ. ದೀಕ್ಷೆಯಿಲ್ಲದ ಶರಣನನ್ನು ಒಪ್ಪುವುದು ಆಚಾರವು ಬಿಗಿಯಾದ ಕಾಲಕ್ಕೆ ಕಷ್ಟವಾಗಿರಬೇಕು. ಈಗ ಯೇಸುವಿನ ದೀಕ್ಷಾಸ್ನಾನವನ್ನು ನೋಡಬಹುದು. ಯೇಸು ಯೊರ್ದನ್ ನದಿಯಲ್ಲಿ ಯೋಹಾನನಿಂದ ಸ್ನಾನಪಡೆದನೆಂದು ಮಾರ್ಕನು ಯಾವ ಸಂಕೋಚವೂ ಇಲ್ಲದೆ ಹೇಳಿಬಿಡುತ್ತಾನೆ. ಮತ್ತಾಯನಲ್ಲಿ ಯೋಹಾನನು ಹಿಂಜರಿಯುತ್ತಾನೆ, ಯೇಸು ಸಮಾಧಾನ ಹೇಳಬೇಕಾಗುತ್ತದೆ. ಲೂಕನು ಯೋಹಾನನ ಸೆರೆವಾಸವನ್ನು ಮೊದಲೇ ಹೇಳಿ ಮುಗಿಸಿ, ಸ್ನಾನ ಮಾಡಿಸಿದವನಾರೆಂಬುದನ್ನು ಹೆಸರಿಸದೆಯೇ ಮುಂದೆ ಸಾಗುತ್ತಾನೆ. ನಾಲ್ಕನೆಯ ಸುವಾರ್ತೆಯಲ್ಲಿ ಆತ್ಮವು ಇಳಿದುಬಂದುದಕ್ಕೆ ಯೋಹಾನನು ಸಾಕ್ಷಿಯಾಗಿದ್ದಾನೆ, ಸ್ನಾನದ ವರ್ಣನೆ ಮಾತ್ರ ಇಲ್ಲವೇ ಇಲ್ಲ. ಒಂದೆಡೆ ಇಲ್ಲದ ದೀಕ್ಷೆ ಬಂದು ಸೇರಿತು. ಇನ್ನೊಂದೆಡೆ ಇದ್ದ ದೀಕ್ಷೆ ಮೆಲ್ಲಮೆಲ್ಲನೆ ಮರೆಗೆ ಸರಿಯಿತು. ಗುರುವಿಗಿಂತ ಶಿಷ್ಯನು ಕಿರಿಯನೆಂಬ ಭಾವನೆಯೇ ಎರಡು ಕಡೆಯೂ ಸಂಪಾದಕರ ಲೇಖನಿಯನ್ನು ನಡೆಸಿದಂತೆ ಕಾಣುತ್ತದೆ. ಸಂಪ್ರದಾಯಕ್ಕೆ ಇರುಸುಮುರುಸನ್ನುಂಟುಮಾಡುವ ಸಂಗತಿಯನ್ನು ಆ ಸಂಪ್ರದಾಯದವರೇ ಹುಟ್ಟಿಸಿಕೊಳ್ಳಲಾರರೆಂಬ ನ್ಯಾಯದಿಂದ, ದೀಕ್ಷಾಸ್ನಾನವು ನಿಜವಾಗಿಯೂ ನಡೆದುದೆಂದು ಸಂಶಯಾತ್ಮರಾದ ವಿದ್ವಾಂಸರೂ ಒಪ್ಪುತ್ತಾರೆ. ನನ್ನ ದೃಷ್ಟಿಯಲ್ಲಿ ಸುವಾರ್ತೆಗಳ ಐತಿಹಾಸಿಕತೆಗೆ ಅವುಗಳ ಒಮ್ಮತಕ್ಕಿಂತ ಈ ಬಗೆಯ ಮುಜುಗರಗಳೇ ಹೆಚ್ಚು ಬಲವಾದ ಆಧಾರ.

ಸ್ಟ್ರೌಸನಾದರೋ ಅದ್ಭುತಗಳನ್ನು ವಂಚನೆಯೆಂದು ತಳ್ಳಲಿಲ್ಲ, ಪ್ರಾಕೃತಿಕ ಕಾರಣಗಳಿಂದ ವಿವರಿಸಹೊರಟವರನ್ನೂ ಪರಿಹಾಸ ಮಾಡಿದನು. ಅವು ಸಮುದಾಯದ ಶ್ರದ್ಧೆಯು ತಾನೇ ತಾನಾಗಿ ನೇಯ್ದ ಪುರಾಣವೆಂಬುದು ಅವನ ಸಿದ್ಧಾಂತ. ಮೊದಲ ಮಹಾಯುದ್ಧವು ಮುಗಿದ ಮೇಲೆ ಶ್ಮಿಟ್, ಡಿಬೇಲಿಯಸ್, ಬುಲ್ಟ್‌ಮನ್ ಮೊದಲಾದವರು ಅದೇ ವಾದವನ್ನು ಮೌಖಿಕ ಪರಂಪರೆಯ ಕಡೆಗೆ ತಿರುಗಿಸಿ, ಚಿಕ್ಕಚಿಕ್ಕ ಪ್ರಸಂಗಗಳು ಸಭೆಗಳಲ್ಲಿ ಬಾಯಿಂದ ಬಾಯಿಗೆ ಸಾಗಿ ರೂಪುಗೊಂಡುವೆಂದೂ, ಅವುಗಳನ್ನು ಪೋಣಿಸಿದ ದಾರ ಮಾತ್ರ ಸುವಾರ್ತಾಕಾರರದೆಂದೂ ಹೇಳಿದರು. ಯಲ್ಲಾಪುರ ಸೀಮೆಯ ನಂದೊಳ್ಳಿಯಂಥ ಊರುಗಳಲ್ಲಿ ರಾತ್ರಿಯಿಡೀ ತಾಳಮದ್ದಳೆ ಕೇಳಿದವರಿಗೆ ಇದು ಹೊಸತೆನಿಸದು: ಭಾಗವತರು ಹೇಳುವ ಪದ್ಯ ಇಂದೂ ನಿನ್ನೆಯದೇ ಆದರೂ, ಕೃಷ್ಣನ ಅರ್ಥವನ್ನು ಬೇರೊಬ್ಬರು ಹೇಳಿದರೆ ಸಂಧಾನದ ಪ್ರಸಂಗವೇ ಬೇರೆಯಾಗುತ್ತದೆ. ಆದರೆ ಹಳೆಯ ಕೇಳುಗರು ಎದುರಿಗೆ ಕುಳಿತಿರುವಾಗ ಅರ್ಥಧಾರಿಯು ಮನಬಂದಂತೆ ಪದ್ಯವನ್ನು ಮೀರಲಾರನೆಂಬುದೂ ಅಷ್ಟೇ ನಿಜ. 2006ರಲ್ಲಿ ರಿಚರ್ಡ್ ಬೋಕಮ್ ಹಿಡಿದುದು ಹೆಚ್ಚುಕಡಮೆ ಈ ಎರಡನೆಯ ಅಂಶವನ್ನೇ. ಪ್ರತ್ಯಕ್ಷದರ್ಶಿಗಳು ಬದುಕಿರುವಾಗಲೇ ಕಥನವು ಬೆಳೆದುದರಿಂದ ಅವರ ಹಿಡಿತ ಅದರ ಮೇಲಿತ್ತೆಂದು ಆತನು ವಾದಿಸುತ್ತಾನೆ. ಪೂರ್ವಪಕ್ಷ ಸಿದ್ಧಾಂತಗಳೆರಡರಲ್ಲಿಯೂ ಹುರುಳಿದೆ.

ಕಾಲನಿರ್ಣಯದ ವಿಷಯದಲ್ಲಿ ಈಜಿಪ್ಟಿನ ಮರಳುಗಾಡು ಕೊಟ್ಟ ತೀರ್ಪನ್ನು ಇಲ್ಲಿ ಹೇಳದೆ ಇರಲಾಗದು. ಸ್ಟ್ರೌಸನ ಗುರು ಬೌರ್ ನಾಲ್ಕನೆಯ ಸುವಾರ್ತೆಯನ್ನು ಎರಡನೆಯ ಶತಮಾನದ ಉತ್ತರಾರ್ಧಕ್ಕೆ ಎಳೆದಿದ್ದನು. 1935ರಲ್ಲಿ ರಾಬರ್ಟ್ಸ್ ಎಂಬ ವಿದ್ವಾಂಸನು, ಮ್ಯಾಂಚೆಸ್ಟರಿನ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿದ್ದ ಅಂಗೈಯಗಲದ ಪಪೈರಸ್ ಚೂರೊಂದನ್ನು ಪ್ರಕಟಿಸಿ, ಪಿಲಾತನ ವಿಚಾರಣೆಯ ಕೆಲವು ಸಾಲುಗಳನ್ನುಳ್ಳ ಅದು ಆ ಶತಮಾನದ ಪೂರ್ವಾರ್ಧದ ಲಿಪಿಯೆಂದು ತೋರಿಸಿದ ಮೇಲೆ ಬೌರನ ಗಣನೆ ಕುಸಿಯಿತು. ಲಿಪಿಯೊಂದನ್ನೇ ನೆಚ್ಚಿ ದಶಕವನ್ನು ಗೊತ್ತುಪಡಿಸುವುದು ತರವಲ್ಲವೆಂಬ ಆಕ್ಷೇಪಣೆಯೂ ಈಚೆಗೆ ಬಂದಿದೆ. ತೇದಿಯಿಲ್ಲದ ಹಲ್ಮಿಡಿ ಶಾಸನದ ಚರ್ಚೆಯನ್ನು ಬಲ್ಲವರು ಆ ಎಚ್ಚರವನ್ನು ಮೆಚ್ಚುವರು.

ಕನ್ನಡಿಗರಲ್ಲಿ ಈ ವಸ್ತುವನ್ನು ಕಾವ್ಯದ ಮೂಲಕ ಸಮೀಪಿಸಿದವರು ಮಂಜೇಶ್ವರದ ಗೋವಿಂದ ಪೈಗಳು. ಯೇಸುವಿನ ಕೊನೆಯ ದಿನವನ್ನು ವಸ್ತುವಾಗುಳ್ಳ ಅವರ ‘ಗೊಲ್ಗೊಥಾ’ 1937ರಲ್ಲಿ ಪ್ರಕಟವಾಯಿತು. ಆ ಒಂದು ದಿನದ ವಿಷಯದಲ್ಲಿಯೇ ಆಕರಗಳ ಭಿನ್ನಾಭಿಪ್ರಾಯ ಅತಿಶಯವಾದುದು. ಮಾರ್ಕನ ಲೆಕ್ಕದಂತೆ ಶಿಲುಬೆಗೇರಿಸಿದುದು ಮೂರನೆಯ ತಾಸಿನಲ್ಲಿ, ಎಂದರೆ ಬೆಳಗಿನ ಒಂಬತ್ತರ ಸುಮಾರಿಗೆ. ಯೋಹಾನನಲ್ಲಿ ಆರನೆಯ ತಾಸಿನಲ್ಲಿಯೂ ಯೇಸು ಇನ್ನೂ ಪಿಲಾತನ ಮುಂದೆಯೇ ನಿಂತಿದ್ದಾನೆ. ಮೊದಲ ಮೂವರ ಪ್ರಕಾರ ಪಸ್ಕವೆಂಬ ಯೆಹೂದ್ಯರ ಹಬ್ಬದ ಊಟವು ಹಿಂದಿನ ರಾತ್ರಿಯೇ ಮುಗಿದಿದೆ. ನಾಲ್ಕನೆಯವನ ಪ್ರಕಾರ ಅದು ಇನ್ನು ನಡೆಯಬೇಕಾಗಿದೆ. ಜೊತೆಯಲ್ಲಿ ಶಿಲುಬೆಗೇರಿದ ಇಬ್ಬರು ಕಳ್ಳರೂ ನಿಂದಿಸಿದರೆಂದು ಮಾರ್ಕ ಮತ್ತಾಯರು ಹೇಳಿದರೆ, ಲೂಕನಲ್ಲಿ ಒಬ್ಬನು ಪಶ್ಚಾತ್ತಾಪಪಡುತ್ತಾನೆ. ಕವಿಯು ಆಯ್ದುಕೊಂಡು ಮುಂದೆ ನಡೆಯಬಹುದು; ಸಂಶೋಧಕನಿಗೆ ಆ ಸ್ವಾತಂತ್ರ್ಯವಿಲ್ಲ. ಪೈಗಳು ಎರಡೂ ಆಗಿದ್ದರೆಂಬುದು ಅವರ ವೈಶಿಷ್ಟ್ಯ.

ಅವರು ಆಸಕ್ತಿಯಿಂದ ಶೋಧಿಸಿದ ಇನ್ನೊಂದು ವಿಷಯವು ಈ ಚರ್ಚೆಗೆ ಅನಿರೀಕ್ಷಿತವಾಗಿ ಬಂದು ತಾಗುತ್ತದೆ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಂಗ್ಲ ವಿದ್ವಾಂಸರು ಈಜಿಪ್ಟಿನ ಆಕ್ಸಿರಿಂಕಸ್ಸಿನ ಕಸದ ದಿಬ್ಬಗಳನ್ನು ಅಗೆದಾಗ, 1897ರಲ್ಲಿ ಯೇಸುವಿನ ಉಕ್ತಿಗಳ ಗ್ರೀಕ್ ಹಾಳೆಯೊಂದು ದೊರೆಯಿತು. ಅದೇ ಊರಿನ ಪಪೈರಸ್ಸುಗಳಲ್ಲಿ, ಇಂಡಿಯಾದ ಕಡಲತೀರದಲ್ಲಿ ನಡೆಯುವ ಗ್ರೀಕ್ ಪ್ರಹಸನವೊಂದೂ ಇದ್ದು, ಅದರ ಪಾತ್ರಗಳು ಆಡುವ ಪರಭಾಷೆಯ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಸೂಚಿಸಿದನು. ಶಾಮಾಶಾಸ್ತ್ರಿಗಳೂ ಪೈಗಳೂ ಆ ಮಾತುಗಳನ್ನು ಬಿಡಿಸಲು ಶ್ರಮಿಸಿದರು; ಬಾರ್ನೆಟ್ ಅದನ್ನು ಒಪ್ಪಲಿಲ್ಲ. ಉಕ್ತಿಗಳ ಹಾಳೆಯ ಗುರುತಾದರೋ 1945ರಲ್ಲಿ ನಾಗ್ ಹಮ್ಮಾದಿಯಲ್ಲಿ ತೋಮನ ಸುವಾರ್ತೆಯ ಕಾಪ್ಟಿಕ್ ಪ್ರತಿ ಸಿಕ್ಕ ಬಳಿಕ ನಿಶ್ಚಯವಾಯಿತು. ಕಥೆಯ ಹಂಗಿಲ್ಲದೆ 114 ಉಕ್ತಿಗಳನ್ನಷ್ಟೇ ಒಳಗೊಂಡ ಅದು, ವೈಸೆಯು ಊಹಿಸಿದ ಸಂಗ್ರಹವೇ ಅಲ್ಲವಾದರೂ, ಅಂಥ ಗ್ರಂಥಗಳು ಆದಿಯ ಕ್ರೈಸ್ತರಲ್ಲಿ ಬಳಕೆಯಲ್ಲಿದ್ದುವೆಂಬುದನ್ನು ಸ್ಥಿರಪಡಿಸಿತು. ಪ್ರಹಸನಕ್ಕೆ ಅಂಥ ಎರಡನೆಯ ಪ್ರತಿ ದೊರೆಯದುದರಿಂದ, ಅದರ ಕನ್ನಡದ ವಾದವು ಹುಲ್ಟ್ಸ್ ಮತ್ತು ಬಾರ್ನೆಟ್ಟರ ನಡುವೆ ಇಂದಿಗೂ ತೀರ್ಮಾನವಾಗದೆ ನಿಂತಿದೆ.