ಮಾಲೂರಿನ ಗಾಡಿ

ಜೋಗುಪಾಳ್ಯದ ನಮ್ಮ ಮನೆಯಲ್ಲಿ ಒಳಗಿನ ಮಾತು ತಮಿಳು, ಬೀದಿಯ ಮಾತು ಕನ್ನಡ. ಹಲಸೂರಿನ ಸುತ್ತಮುತ್ತ ಇದೇನೂ ಹೊಸತಲ್ಲ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟ ಮೇಲೆ ಅದರ ಬೆನ್ನಿಗೇ ತಮಿಳು ಸೀಮೆಯ ಜನ ಬಂದರು. 1947ರ ತನಕ ಈ ಪ್ರದೇಶ ಮೈಸೂರು ಸರ್ಕಾರದ ಕೈಗೆ ಬರಲಿಲ್ಲ. ನಾನು ಕನ್ನಡ ಕಲಿತದ್ದು ಸರ್ಕಾರಿ ಶಾಲೆಯಲ್ಲಿ. ಆ ಕನ್ನಡದಲ್ಲಿ ಕಥೆ ಬರೆಯತೊಡಗಿದಾಗ, ಮನೆಮಾತಲ್ಲದ ಭಾಷೆಯಲ್ಲಿ ನಿನಗೇನು ಬರೆಯಲಾದೀತು ಎಂದವರೇ ಹೆಚ್ಚು. ನನಗೆ ಧೈರ್ಯ ಬಂದದ್ದು ಮಾಸ್ತಿಯವರಿಂದ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತೂ ತಮಿಳು. 1891ರಲ್ಲಿ ಅವರು ಹುಟ್ಟಿದ ಹುಂಗೇನಹಳ್ಳಿ ಮಾಲೂರು ತಾಲ್ಲೂಕಿನದು. ದಂಡು ನಿಲ್ದಾಣದಿಂದ ಬಂಗಾರಪೇಟೆಗೆ ಹೋಗುವ ಗಾಡಿ ಕೃಷ್ಣರಾಜಪುರ ದಾಟಿ ಮಾಲೂರು ಮುಟ್ಟುತ್ತದೆ. ಹಾಗಾಗಿ ಅವರನ್ನು ನಮ್ಮ ಕಡೆಯವರೆಂದೇ ಎಣಿಸಿಕೊಂಡೆ.

ಮೈಸೂರು ಸಿವಿಲ್ ಸರ್ವಿಸ್ ಸೇರಿದ ಅವರದು ಜಿಲ್ಲಾಧಿಕಾರಿ, ಅಬಕಾರಿ ಕಮಿಷನರ್ ಎಂದು ಏರುತ್ತ ಹೋದ ನೌಕರಿ. ಅದರ ನಡುವೆಯೇ 1920ರಲ್ಲಿ 'ಕೆಲವು ಸಣ್ಣ ಕತೆಗಳು' ಬಂತು, 1928ರಲ್ಲಿ 'ಸುಬ್ಬಣ್ಣ' ಬಂತು. ಅದೂ ದೊಡ್ಡ ಕಾದಂಬರಿಯಲ್ಲ, ನೀಳ್ಗತೆ. ದೊಡ್ಡ ಕಾದಂಬರಿಗಳು ಬಂದದ್ದು ನೌಕರಿ ಬಿಟ್ಟ ಮೇಲೆ: 1949ರಲ್ಲಿ 'ಚೆನ್ನಬಸವನಾಯಕ', 1956ರಲ್ಲಿ 'ಚಿಕವೀರರಾಜೇಂದ್ರ'. ಈ ವರ್ಷಗಳನ್ನು ನಾನು ಮತ್ತೆ ಮತ್ತೆ ಲೆಕ್ಕ ಹಾಕಿದ್ದೇನೆ. ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹಗಲು ಕಳೆದು, ಇಬ್ಬರು ಮಕ್ಕಳು ಮಲಗಿದ ಮೇಲೆ ಊಟದ ಮಣೆಯ ಪಕ್ಕ ಕೂತು ಬರೆದವಳು ನಾನು. ಹತ್ತು ಪುಟದ ಕಥೆ ಒಂದು ವಾರದ ರಾತ್ರಿಗಳಲ್ಲಿ ಮುಗಿಯುತ್ತದೆ. ಕಾದಂಬರಿ ಹಾಗಲ್ಲ. ನಾಲ್ಕು ದಿನ ಬಿಟ್ಟು ಬಂದರೆ ಅದರ ಜನ ನಮ್ಮ ಗುರುತು ಹಿಡಿಯುವುದಿಲ್ಲ. ಸಣ್ಣಕಥೆಯ ಅಳತೆಯನ್ನು ಎಷ್ಟೋ ಸಲ ಕಚೇರಿಯೇ ಗೊತ್ತುಮಾಡುತ್ತದೆಂದು ನನ್ನ ನಂಬಿಕೆ.

ಆದರೆ ನೌಕರಿ ಮಾಸ್ತಿಯವರಿಂದ ಬಿಡುವನ್ನು ಕಸಿದುಕೊಂಡಿತು ಎಂದಷ್ಟೇ ಹೇಳಿದರೆ ಅನ್ಯಾಯವಾದೀತು. ತಮಗಿಂತ ಕಿರಿಯರೊಬ್ಬರಿಗೆ ಮಂತ್ರಿಪದವಿ ಸಿಕ್ಕಾಗ, 1943ರಲ್ಲಿ, ಅವರು ರಾಜೀನಾಮೆ ಕೊಟ್ಟರು. ಮರುವರ್ಷವೇ 'ಜೀವನ' ಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡು 1965ರವರೆಗೆ ನಡೆಸಿದರು. ಅಂದರೆ ಎರಡೂ ಕಾದಂಬರಿಗಳು ಆ ಹೊರೆಯ ನಡುವೆಯೇ ಬಂದವು. ಆ ಎರಡರಲ್ಲೂ ಕುಸಿಯುವುದು ರಾಜ್ಯಗಳೇ, ಒಂದರಲ್ಲಿ ಬಿದನೂರು, ಇನ್ನೊಂದರಲ್ಲಿ ಕೊಡಗು. 1834ರಲ್ಲಿ ಕೊಡಗಿನ ದೊರೆ ಪಟ್ಟ ಕಳೆದುಕೊಂಡದ್ದು ಇತಿಹಾಸದಲ್ಲಿದೆ. ದೊರೆ ಕೆಟ್ಟಾಗ ಅವನ ಅನ್ನ ಉಂಡ ಬೋಪಣ್ಣ, ಲಕ್ಷ್ಮೀನಾರಾಯಣಯ್ಯರಂಥ ಮಂತ್ರಿಗಳು ರಾತ್ರಿ ಹೇಗೆ ನಿದ್ದೆಗೆಡುತ್ತಾರೆ ಎಂಬುದನ್ನು ಕಾದಂಬರಿಕಾರ ಬರೆಯಬೇಕು. ಸರ್ಕಾರದ ಋಣದಲ್ಲಿ ಅಷ್ಟು ಕಾಲ ಇದ್ದು, ನೊಂದು ಹೊರಬಂದವರಿಗಲ್ಲದೆ ಆ ತೂಕ ಸಿಗುತ್ತಿತ್ತೇ?

ಆ ಕಥೆಯ ಒಂದು ಎಳೆ ದಂಡಿಗೂ ಬರುತ್ತದೆ. ಮೈಸೂರಿನ ಬ್ರಿಟಿಷ್ ರೆಸಿಡೆಂಟನೇ ದಶಕಗಳ ಕಾಲ ಕೊಡಗಿನ ಮುಖ್ಯ ಕಮಿಷನರನೂ ಆಗಿದ್ದ. ಅವನಿದ್ದ ಬಂಗಲೆಯೇ ಇಂದಿನ ರಾಜಭವನ. ದೊರೆಯಿಲ್ಲದ ಕೊಡಗನ್ನು ಆಳಿದ್ದು ನಮ್ಮ ಮನೆಯಿಂದ ಒಂದು ಬಸ್ಸಿನ ದೂರದಿಂದ.

ನಾನು ನಿವೃತ್ತಳಾಗಿ ವರ್ಷವಾಯಿತು. ಉದ್ದನೆಯದೊಂದನ್ನು ಹಿಡಿದಿದ್ದೇನೆ. ಅದರಲ್ಲಿ ಲೆಕ್ಕದ ಪುಸ್ತಕ ಬರೆಯುವ ಗುಮಾಸ್ತೆಯೊಬ್ಬಳಿದ್ದಾಳೆ, ಅವಳ ಮೇಲಧಿಕಾರಿ ಒಂದು ಸುಳ್ಳು ಅಂಕಿಗೆ ಸಹಿ ಕೇಳುತ್ತಿದ್ದಾನೆ. ಮೂರು ವಾರದಿಂದ ಅವಳು ಲೇಖನಿ ಹಿಡಿದು ಹಾಗೇ ಕೂತಿದ್ದಾಳೆ.