ಮುಂದೆ ಯಾವ ಕಾದಂಬರಿ ಓದಲಿ?



ಸಾಹಿತ್ಯ ಚರ್ಚೆಯ ಚಿತ್ರೀಕರಣ ಮುಗಿದು ಸ್ಟುಡಿಯೋದ ದೀಪಗಳು ಆರಿದ ಮೇಲೆ, ಪ್ರೇಕ್ಷಕರಾಗಿ ಬಂದ ಕಾಲೇಜು ಹುಡುಗ ಹುಡುಗಿಯರಲ್ಲಿ ಒಬ್ಬಿಬ್ಬರು ಬಾಗಿಲ ಬಳಿ ನಿಂತಿರುತ್ತಾರೆ. ಕ್ಯಾಮೆರಾದ ಮುಂದೆ ಕೇಳಲು ಸಂಕೋಚಪಟ್ಟ ಪ್ರಶ್ನೆಯೊಂದು ಅವರಲ್ಲಿ ಉಳಿದಿರುತ್ತದೆ. "ಸಾರ್, ಒಂದು ಕಾದಂಬರಿ ಓದಿ ಮುಗಿಸಿದೆ. ಇಷ್ಟವಾಯಿತು. ಮುಂದೆ ಯಾವುದು ಓದಲಿ?"

ಈ ಪ್ರಶ್ನೆಗೆ ವಿದ್ವಾಂಸರು ಕೊಡುವ ಉತ್ತರ ಸಾಮಾನ್ಯವಾಗಿ ಒಂದು ಪಟ್ಟಿ. ನಾನು ಬಿ.ಎಸ್ಸಿ. ಓದುತ್ತಿದ್ದಾಗ ಹಿರಿಯರೊಬ್ಬರು ನನಗೂ ಅಂಥ ಪಟ್ಟಿ ಬರೆದುಕೊಟ್ಟಿದ್ದರು. ಜ್ಞಾನಪೀಠ ಪಡೆದ ಕನ್ನಡ ಲೇಖಕರ ಹೆಸರುಗಳು ಅದರಲ್ಲಿದ್ದವು. ಅವರಲ್ಲಿ ಬೇಂದ್ರೆಯವರು ಕವಿ, ಕಾರ್ನಾಡರು ನಾಟಕಕಾರರು ಎಂಬುದನ್ನು ಕೊಟ್ಟವರೂ ಗಮನಿಸಿರಲಿಲ್ಲ, ಪಡೆದ ನಾನೂ ಗಮನಿಸಲಿಲ್ಲ. ಪಟ್ಟಿಯನ್ನು ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕದೊಳಗೆ ಅಂಟಿಸಿಕೊಂಡು ಮೂರು ಪುಸ್ತಕ ಓದಿದೆ. ಮೂರೂ ಒಳ್ಳೆಯವೇ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ನನಗೆ ಕಾರಣವೇ ಇರಲಿಲ್ಲ. ನಾಲ್ಕನೆಯದರ ನಡುವೆ ನಿಲ್ಲಿಸಿದವನು ಹಲವು ವರ್ಷ ಕಾದಂಬರಿಯ ಕಡೆ ತಿರುಗಿ ನೋಡಲಿಲ್ಲ.

ಹಾಗಾದರೆ ಹಿಂದಿನ ಓದುಗರು ಮುಂದಿನ ಪುಸ್ತಕವನ್ನು ಹೇಗೆ ಆರಿಸಿಕೊಳ್ಳುತ್ತಿದ್ದರು? ನಿಜ ಹೇಳಬೇಕೆಂದರೆ, ಬಹಳ ಕಾಲ ಅವರು ಆರಿಸಿಕೊಳ್ಳಲೇ ಇಲ್ಲ. ಪುಸ್ತಕವೇ ಅವರ ಮನೆಬಾಗಿಲಿಗೆ ಬರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು ಮರಾಠಿಯ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಿಸಿ, ಸ್ವಂತ ಕಾದಂಬರಿಗಳನ್ನೂ ಬರೆದು, ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಲೇಖಕನೇ ಬೆವರು ಒರೆಸಿಕೊಳ್ಳುತ್ತಾ ಜಗಲಿಯ ಮೇಲೆ ಕುಳಿತಾಗ, "ಇದು ಬೇಡ, ಬೇರೆ ತೋರಿಸಿ" ಎಂದು ಯಾರು ತಾನೇ ಹೇಳಿಯಾರು?

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಅಲ್ಲಿ ಓದುಗರು ವರ್ಷದ ಚಂದಾ ಮೊದಲೇ ಕಟ್ಟುತ್ತಿದ್ದರು. ಯಾವ ಪುಸ್ತಕ ಬರುತ್ತದೆ ಎಂಬುದನ್ನು ಗ್ರಂಥಮಾಲೆಯ ಪ್ರಸಿದ್ಧ 'ಅಟ್ಟ'ದ ಮೇಲೆ ಕುಳಿತವರು ನಿರ್ಧರಿಸುತ್ತಿದ್ದರು. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಆ ವರ್ಷ ಇನ್ನೆರಡು ಘಟನೆಗಳೂ ನಡೆದವು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದಿತು. ಆಸ್ತಿ ತೆರಿಗೆಯ ಜೊತೆಗೆ ವಸೂಲಾಗುವ ಗ್ರಂಥಾಲಯ ಕರ ಆ ಕಾಯ್ದೆಯ ಫಲ. 'ಸುಧಾ' ವಾರಪತ್ರಿಕೆ ಹುಟ್ಟಿದ್ದೂ ಅದೇ ವರ್ಷ. ಧಾರಾವಾಹಿ ಎಂದರೆ ಈಗ ನಮ್ಮ ಮಾಧ್ಯಮದ ಪದವಾಗಿಬಿಟ್ಟಿದೆ. ಆದರೆ ವಾರವಾರವೂ ಕಾದಂಬರಿಯ ಮುಂದಿನ ಕಂತಿಗಾಗಿ ಅಂಚೆಯವನನ್ನು ಕಾದ ತಲೆಮಾರು ನಮ್ಮದಕ್ಕಿಂತ ಹಿಂದಿನದು. ಬಡಾವಣೆಯ ಬಾಡಿಗೆ ಪುಸ್ತಕದಂಗಡಿಗಳಂತೂ ತ್ರಿವೇಣಿ, ಅನಕೃ, ತರಾಸು ಅವರ ಕಾದಂಬರಿಗಳಿಂದಲೇ ಬದುಕಿದವು ಎಂದರೆ ಹೆಚ್ಚಲ್ಲ.

ಈಗ ನಿಮ್ಮ ಕೈಯಲ್ಲಿ ಫೋನು ಇದೆ, ಅದರಲ್ಲಿ ಬೇಕಾದಷ್ಟು ಪಟ್ಟಿಗಳಿವೆ. ಆದರೂ ಬಾಗಿಲ ಬಳಿ ಆ ಪ್ರಶ್ನೆ ನಿಂತಿಲ್ಲ. ಆದ್ದರಿಂದ ಪಟ್ಟಿಯ ಬದಲು ನಾನು ಕಂಡುಕೊಂಡ ಒಂದು ದಾರಿಯನ್ನು ಹೇಳುತ್ತೇನೆ. ಓದಿದ ಕಾದಂಬರಿಯಲ್ಲಿ ನಿಮ್ಮನ್ನು ಕಾಡಿದ ಒಂದು ಪ್ರಶ್ನೆಯನ್ನು ಹಿಡಿದುಕೊಳ್ಳಿ. ಅದೇ ಪ್ರಶ್ನೆಯನ್ನು ಬೇರೊಬ್ಬರು, ಬೇರೊಂದು ಕಾಲದಲ್ಲಿ ಹೇಗೆ ಕೇಳಿದರು ಎಂದು ಹುಡುಕಿ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸತಲ್ಲ. ಉಳಿದದ್ದನ್ನು ಹಾಗೆಯೇ ಇಟ್ಟು ಒಂದು ಅಂಶವನ್ನು ಮಾತ್ರ ಬದಲಿಸಿ ನೋಡುವುದೇ ಪ್ರಯೋಗ. ವ್ಯತ್ಯಾಸ ಒಂದೇ: ಟೈಟ್ರೇಷನ್ ಮಾಡುವಾಗ ಬ್ಯುರೆಟ್ಟಿನ ಅಳತೆ ಪ್ರತಿ ಸಲವೂ ಒಂದೇ ಬಂದರೆ ಮೇಷ್ಟ್ರಿಗೆ ಸಂತೋಷ, ಇಲ್ಲಿ ಒಂದೇ ಬಂದರೆ ಎರಡನೆಯ ಕಾದಂಬರಿ ಬರೆಯುವ ಅಗತ್ಯವೇ ಇರಲಿಲ್ಲ.

ನನ್ನನ್ನು ಕಾಡಿದ ಪ್ರಶ್ನೆ ನಮ್ಮ ಮನೆಯ ಒಂದು ಫೋಟೋದಲ್ಲಿತ್ತು. ಮದುವೆಯೊಂದರಲ್ಲಿ ತೆಗೆದದ್ದು. ಎಲ್ಲರೂ ಮಧ್ಯದಲ್ಲಿ ಸಾಲಾಗಿ ನಿಂತಿದ್ದಾರೆ. ಒಂದು ಅಂಚಿನಲ್ಲಿ, ಕಂಬದ ಮರೆಯಲ್ಲಿ ಎನ್ನುವಂತೆ, ಬೋಳುತಲೆಯ ಮೇಲೆ ಸೆರಗು ಹೊದ್ದ ಮುದುಕಿಯೊಬ್ಬರಿದ್ದಾರೆ. ನನ್ನ ಅಜ್ಜಿಯ ಸೋದರತ್ತೆ. ಮನೆಯಲ್ಲಿ ಎಲ್ಲರೂ ಅವರನ್ನು 'ಮಡಿ ಅಜ್ಜಿ' ಎನ್ನುತ್ತಿದ್ದರು. ಅವರಿಗೊಂದು ಹೆಸರಿತ್ತು ಎಂಬುದೇ ನನಗೆ ಹೊಳೆದಿರಲಿಲ್ಲ.

ಬಾಲವಿಧವೆಯರ ಬದುಕು ಕನ್ನಡ ಕಾದಂಬರಿಗೆ ಹುಟ್ಟಿನಿಂದಲೇ ಅಂಟಿದ ವಿಷಯ. ವಿಧವಾ ವಿವಾಹವನ್ನು ಮಾನ್ಯ ಮಾಡುವ ಕಾಯ್ದೆ ಬ್ರಿಟಿಷ್ ಭಾರತದಲ್ಲಿ 1856ರಲ್ಲೇ ಬಂದಿತ್ತು. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಎಂಟು ವರ್ಷ! ಆ ಅಂಕಿಯನ್ನು ಇನ್ನೊಮ್ಮೆ ಓದಿ. ಅದನ್ನು ಕಾನೂನು ಮಾಡಿ ತಡೆಯಬೇಕಾಗಿತ್ತು ಎಂದರೆ ಅಂದಿನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಬಹುದು. ಹುಡುಗಿಯರಿಗೆ ಹದಿನಾಲ್ಕು ಎಂಬ ಮಿತಿ ಹಾಕಿದ ಶಾರದಾ ಕಾಯ್ದೆ 1929ರದು.

1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಹೊರಬಂದಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದನ್ನು ಕರೆಯುತ್ತಾರೆ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಇಂದಿರೆ ಕಪಟ ಭಕ್ತರ ಕೈಗೆ ಸಿಕ್ಕದೆ ತವರನ್ನು ಬಿಟ್ಟು ಹೊರಟು, ಸುಧಾರಕ ಅಮೃತರಾಯರ ಆಶ್ರಯದಲ್ಲಿ ವಿದ್ಯೆ ಕಲಿತು, ವಿದ್ಯಾವಂತ ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ನಾಲ್ಕೇ ವರ್ಷಗಳಲ್ಲಿ, 1903ರಲ್ಲಿ, ಇದು ಇಂಗ್ಲಿಷಿಗೂ ಹೋಯಿತು. ಲೇಖಕರಿಗೆ ಸಂಶಯವೇ ಇಲ್ಲ: ಓದು ಸಿಕ್ಕರೆ, ಮರುಮದುವೆಯಾದರೆ, ಹುಡುಗಿ ಉಳಿದಳು. ಹೊಸ ಶತಮಾನದ ಹೊಸ್ತಿಲಲ್ಲಿದ್ದವರ ಧೈರ್ಯ ಅದು. ಭಾಷೆ ಇಂದಿನವರಿಗೆ ಸ್ವಲ್ಪ ಬಿಗಿ ಎನಿಸಬಹುದು. ಮೊದಲ ಮೂವತ್ತು ಪುಟ ತಾಳಿಕೊಳ್ಳಿ.

ಇದನ್ನು ಓದಿದವರು ಮುಂದೆ ನಂಜನಗೂಡು ತಿರುಮಲಾಂಬಾ ಅವರ ಬಗ್ಗೆ ತಿಳಿಯಬೇಕು. 1887ರಲ್ಲಿ ಹುಟ್ಟಿದ ಇವರು ಸ್ವತಃ ಬಾಲವಿಧವೆ. ಮನೆಯೊಳಗೇ ಉಳಿದು ಓದಿದರು, ಬರೆದರು. 1913ರಲ್ಲಿ 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ 'ಸುಶೀಲೆ' ಕಾದಂಬರಿಯನ್ನು ಪ್ರಕಟಿಸಿದರು. 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಇಂದಿರೆಯ ಕಥೆ ಓದಿ ಬಂದವರು ಇಲ್ಲಿ ಬಂಡಾಯವನ್ನು ನಿರೀಕ್ಷಿಸುತ್ತಾರೆ. ಆದರೆ 'ಸುಶೀಲೆ' ಎತ್ತಿಹಿಡಿಯುವುದು ಪತಿವ್ರತೆಯ ಆದರ್ಶವನ್ನು. ಇದನ್ನು ಕೇಳಿ ನಿಮಗೆ ನಿರಾಶೆಯಾಗಬಹುದು, ನನಗೂ ಆಗಿತ್ತು. ಆಮೇಲೆ ಅನ್ನಿಸಿತು: ಗಂಡಸೊಬ್ಬ ಧೈರ್ಯವಾಗಿ ಹೇಳಬಹುದಾದ ಮಾತನ್ನು ಅದೇ ಮನೆಯೊಳಗೆ ಬಾಳಬೇಕಾದ ಹೆಂಗಸು ಹೇಳುವುದು ಬೇರೆಯೇ ಸಂಗತಿ. ಪುಸ್ತಕದಲ್ಲಿ ಸಂಪ್ರದಾಯವನ್ನು ಹೊಗಳುತ್ತಲೇ, ಪ್ರಕಾಶಕಿಯಾಗಿ, ಸಂಪಾದಕಿಯಾಗಿ ಆ ಸಂಪ್ರದಾಯ ಕೊಡದಿದ್ದ ಕೆಲಸವನ್ನು ಅವರು ಮಾಡಿದರು. ಅವರು ತೀರಿಕೊಂಡದ್ದು 1982ರಲ್ಲಿ.

ಅದೇ ನಂಜನಗೂಡಿನಲ್ಲಿ, ಅದೇ ಕಪಿಲಾ ನದಿಯ ದಂಡೆಯಲ್ಲಿ, ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' (1965) ನಡೆಯುತ್ತದೆ. ಶ್ರೀನಿವಾಸ ಶ್ರೋತ್ರಿಗಳ ಮಗ ಹೊಳೆಯ ಪಾಲಾದ ಮೇಲೆ ಸೊಸೆ ಕಾತ್ಯಾಯಿನಿ ಮೈಸೂರಿಗೆ ಕಾಲೇಜಿಗೆ ಹೋಗುತ್ತಾಳೆ, ಅಲ್ಲಿ ಪರಿಚಯವಾದ ರಾಜನನ್ನು ಮದುವೆಯಾಗುತ್ತಾಳೆ. ಮಗು ಅಜ್ಜನ ಮನೆಯಲ್ಲೇ ಉಳಿಯುತ್ತದೆ. ಅಂದರೆ ಇಂದಿರೆಗೆ ಗುಲ್ವಾಡಿಯವರು ಕೊಟ್ಟ ಎರಡನ್ನೂ, ವಿದ್ಯೆ ಮತ್ತು ಮರುಮದುವೆಯನ್ನು, ಕಾತ್ಯಾಯಿನಿಗೆ ಭೈರಪ್ಪನವರೂ ಕೊಡುತ್ತಾರೆ. ಆದರೆ ಅವಳು ಉಳಿಯುವುದಿಲ್ಲ. ಅಪರಾಧ ಭಾವ ಅವಳನ್ನು ಒಳಗಿನಿಂದಲೇ ತಿನ್ನುತ್ತದೆ. ಇದು ಲೇಖಕರು ಅವಳಿಗೆ ಕೊಟ್ಟ ಶಿಕ್ಷೆಯೇ, ಅಥವಾ ಆ ಮನೆತನ ಅವಳೊಳಗೆ ಅಷ್ಟು ಆಳವಾಗಿ ಬೇರು ಬಿಟ್ಟಿತ್ತೇ? ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಜಗಳ ನಡೆದಿದೆ. 1972ರಲ್ಲಿ ಗಿರೀಶ್ ಕಾರ್ನಾಡ್ ಮತ್ತು ಬಿ.ವಿ. ಕಾರಂತರು ಇದನ್ನು ಚಲನಚಿತ್ರ ಮಾಡಿದರು. ಸಿನಿಮಾ ನೋಡಿದವರೂ ಪುಸ್ತಕ ಓದಿ, ಏಕೆಂದರೆ ಶ್ರೋತ್ರಿಗಳ ಮೌನ ಪುಟಗಳಲ್ಲಿ ಇನ್ನೂ ಉದ್ದವಾಗಿದೆ.

ಮೂರು ವರ್ಷದ ನಂತರ ಶಿವರಾಮ ಕಾರಂತರು 'ಮೂಕಜ್ಜಿಯ ಕನಸುಗಳು' ಬರೆದರು. ಹತ್ತು ವರ್ಷಕ್ಕೇ ವಿಧವೆಯಾಗಿ ಎಂಬತ್ತು ದಾಟಿದ ಅಜ್ಜಿ ಇಲ್ಲಿ ಕರುಣೆಗೆ ಕಾದವಳಲ್ಲ. ಎದುರು ಕುಳಿತ ಮೊಮ್ಮಗ ಸುಬ್ಬರಾಯನಿಗೆ ದೇವರು, ಕಾಮ, ಸೃಷ್ಟಿ ಇವೆಲ್ಲದರ ಬಗ್ಗೆ ಯಾರೂ ಆಡಲಾರದ ಮಾತುಗಳನ್ನು ನಿರಾಳವಾಗಿ ಆಡುತ್ತಾಳೆ. ಸಂಸಾರವನ್ನೇ ಕಾಣದವಳು ಸಂಸಾರದ ಎಲ್ಲವನ್ನೂ ಬಲ್ಲಳು. ಅಜ್ಜಿಗೆ ಕಾಣುವ ಹಿಂದಿನ ಕಾಲದ ದೃಶ್ಯಗಳನ್ನು ವಿಜ್ಞಾನ ಓದಿದ ನಾನು ನಂಬಲಾರೆ. ಆದರೆ ಅವಳ ತರ್ಕಕ್ಕೆ ಉತ್ತರ ಕೊಡಲು ಮಾತ್ರ ನನ್ನಿಂದ ಆಗಿಲ್ಲ.

ಇನ್ನು 'ಫಣಿಯಮ್ಮ' (1976). ಎಂ.ಕೆ. ಇಂದಿರಾ ತೀರ್ಥಹಳ್ಳಿ ಸೀಮೆಯವರು, ನಲವತ್ತೈದು ದಾಟಿದ ಮೇಲೆ ಕಾದಂಬರಿ ಬರೆಯತೊಡಗಿದವರು. ಫಣಿಯಮ್ಮ ಅವರ ಮನೆತನದಲ್ಲಿ ನಿಜವಾಗಿ ಬಾಳಿದ, ನೂರ ಹನ್ನೆರಡು ವರ್ಷ ಬದುಕಿದ ಹೆಂಗಸು. ಒಂಬತ್ತು ವರ್ಷಕ್ಕೆ ಮದುವೆ. ಸ್ವಲ್ಪ ದಿನಗಳಲ್ಲೇ ಹುಡುಗ ಹಾವು ಕಚ್ಚಿ ಸತ್ತ. ಮೈನೆರೆದ ಮೇಲೆ ಇವಳ ತಲೆ ಬೋಳಿಸಿದರು. ಈ ಪುಸ್ತಕದಲ್ಲಿ ಇಂದಿರೆಯ ಪಲಾಯನವಿಲ್ಲ, ಕಾತ್ಯಾಯಿನಿಯ ತಳಮಳವಿಲ್ಲ, ಮೂಕಜ್ಜಿಯ ಮಾತುಗಾರಿಕೆಯೂ ಇಲ್ಲ. ದಿನನಿತ್ಯದ ಕೆಲಸವಿದೆ. ಎಲ್ಲ ಕಟ್ಟಳೆಗಳನ್ನೂ ಪಾಲಿಸಿದ ಫಣಿಯಮ್ಮ, ಹೆರಿಗೆಯಲ್ಲಿ ಸಾಯುತ್ತಿರುವ ಅಸ್ಪೃಶ್ಯ ಜಾತಿಯ ಹೆಣ್ಣೊಬ್ಬಳನ್ನು ಉಳಿಸಲು ಗುಟ್ಟಾಗಿ ಹೋಗುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಪ್ಪದೆ ಸಿಡಿದೆದ್ದ ಎಳೆಯ ವಿಧವೆ ದಾಕ್ಷಾಯಿಣಿಯ ಪರವಾಗಿ ನಿಲ್ಲುತ್ತಾಳೆ. ತನಗೆ ಸಿಗದದ್ದು ಇನ್ನೊಬ್ಬಳಿಗೆ ಸಿಗಲಿ ಎನ್ನುವ ಆ ಪುಟಗಳನ್ನು ಓದಿದ ರಾತ್ರಿ ನಾನು ಅಮ್ಮನಿಗೆ ಫೋನು ಮಾಡಿ ಕೇಳಿದೆ, "ಮಡಿ ಅಜ್ಜಿಯ ಹೆಸರೇನಮ್ಮಾ?" ಅಮ್ಮನಿಗೆ ತಕ್ಷಣ ನೆನಪಾಗಲಿಲ್ಲ. ಮರುದಿನ ದೊಡ್ಡಮ್ಮನನ್ನು ವಿಚಾರಿಸಿ ಹೇಳಿದರು: ಸುಂದರಮ್ಮ.

ನಾಲ್ಕು ಕಾದಂಬರಿಗಳನ್ನು ಪ್ರಶಸ್ತಿಗಳ ಪಟ್ಟಿಯಲ್ಲಿಟ್ಟು ಓದಿದ್ದರೆ ನಾನು ಬಹುಶಃ ಒಂದರಲ್ಲೇ ನಿಲ್ಲಿಸುತ್ತಿದ್ದೆ. ಒಂದರ ಮಾತಿಗೆ ಇನ್ನೊಂದು ಎದುರಾಡುತ್ತಿದ್ದುದರಿಂದ ಓದುತ್ತಾ ಹೋದೆ. ನಿಮ್ಮ ಪ್ರಶ್ನೆ ಇದೇ ಆಗಬೇಕಾಗಿಲ್ಲ. ಜಾತಿಯ ಪ್ರಶ್ನೆ ಕಾಡಿದವರು 'ಚೋಮನ ದುಡಿ'ಯಿಂದ (1933) ದೇವನೂರ ಮಹಾದೇವರ 'ಕುಸುಮಬಾಲೆ'ಗೆ (1984) ಬರಬಹುದು. ದಲಿತನ ಬಗ್ಗೆ ಬರೆಯುವುದಕ್ಕೂ ದಲಿತನೇ ಬರೆಯುವುದಕ್ಕೂ ಇರುವ ಅಂತರ ಅಲ್ಲಿ ತಿಳಿಯುತ್ತದೆ. ಕಾಡು, ಕೀಟ, ಹಕ್ಕಿಗಳಲ್ಲಿ ಆಸಕ್ತಿ ಇದ್ದವರಿಗೆ ತೇಜಸ್ವಿಯವರ 'ಕರ್ವಾಲೊ' (1980) ಇದ್ದೇ ಇದೆ. ಆಮೇಲೆ ಅವರ ತಂದೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಹಿಡಿದು, ಒಂದೇ ಮಲೆನಾಡನ್ನು ಅಪ್ಪ ಮಗ ಹೇಗೆ ಕಂಡರು ಎಂದು ಹೋಲಿಸಿ ನೋಡಿ.

ಕಳೆದ ಚಿತ್ರೀಕರಣದ ನಂತರ ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿನಿಯೊಬ್ಬಳಿಗೆ ನಾನು 'ವಂಶವೃಕ್ಷ' ಸೂಚಿಸಿದ್ದೆ. ಎರಡು ವಾರದ ಮೇಲೆ ಸಿಟ್ಟಿನಿಂದ ಬಂದಳು. "ಕಾತ್ಯಾಯಿನಿ ಯಾಕೆ ಸಾಯಬೇಕು ಸಾರ್? ಅವಳು ತಪ್ಪೇನು ಮಾಡಿದ್ದಳು?" ಎಂದಳು. 'ಇಂದಿರಾಬಾಯಿ' ಕೊಟ್ಟೆ. ಅದನ್ನು ಓದಿ, "ಇದು ತೀರಾ ಸುಲಭವಾಗಿ ಮುಗಿಯಿತು" ಎಂದು ಮತ್ತೆ ತಕರಾರು. ಈಗ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ತೆಗೆದುಕೊಂಡು ಹೋಗಿದ್ದಾಳೆ. ಅದರಲ್ಲಿ ವಿಧವೆಯಿಲ್ಲ; ತಂದೆಯ ಹಟದಿಂದ ತಲಾಖ್ ಆಗಿ, ಗಂಡನ ಬಳಿಗೆ ಹಿಂತಿರುಗುವ ದಾರಿ ಮುಚ್ಚಿಹೋದ ನಾದಿರಾ ಇದ್ದಾಳೆ. ಪ್ರಶ್ನೆ ಅದೇ ಇದೆಯೋ, ಬದಲಾಗಿದೆಯೋ ಎಂದು ಬಂದು ಹೇಳುವುದಾಗಿ ಮಾತು ಕೊಟ್ಟಿದ್ದಾಳೆ.