ಆವೇದನಾಧಿಕಾರವೂ ಬಾಲವಿವಾಹ ಶಾಸನಗಳೂ

ಅನ್ಯಾಯವಾದುದನ್ನು ರಾಜನಿಗೆ ತಿಳಿಸತಕ್ಕವರು ಯಾರು ಎಂಬುದು ವ್ಯವಹಾರಕಾಂಡದ ಆದಿಯಲ್ಲಿಯೇ ಏಳುವ ಪ್ರಶ್ನೆ. ಸ್ಮೃತಿಗೂ ಆಚಾರಕ್ಕೂ ವಿರುದ್ಧವಾಗಿ ಪರರಿಂದ ಪೀಡಿತನಾದವನು ರಾಜನಲ್ಲಿ ಆವೇದಿಸಿಕೊಂಡರೆ ಅದು ವ್ಯವಹಾರಪದವೆನಿಸುವುದೆಂದು ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಪೀಡಿತನು ತಾನಾಗಿಯೇ ಬಂದು ಹೇಳಬೇಕಲ್ಲದೆ ರಾಜನಾಗಲಿ ರಾಜಪುರುಷರಾಗಲಿ ಅವನನ್ನು ಪ್ರೇರಿಸಕೂಡದೆಂದು ವಿವರಿಸಿದ್ದಾನೆ. ಅಧಿಕಾರಿಗಳು ಪ್ರಜೆಗಳಲ್ಲಿ ವ್ಯಾಜ್ಯವನ್ನು ಹುಟ್ಟಿಸದಿರಲೆಂಬುದೇ ಇದರ ತಾತ್ಪರ್ಯ. ಆದರೂ ಆಜ್ಞೋಲ್ಲಂಘನ, ಸ್ತ್ರೀವಧೆ, ಚೌರ್ಯ ಮೊದಲಾದ ಹತ್ತು ಅಪರಾಧಗಳನ್ನು ನಾರದವಚನವು ಪ್ರತ್ಯೇಕವಾಗಿ ಎಣಿಸುತ್ತದೆ. ಇಂಥವನ್ನು ಯಾರೂ ಆವೇದಿಸದಿದ್ದರೂ ರಾಜನು ತಾನೇ ವಿಚಾರಿಸಬಹುದೆಂದು ನಿಬಂಧಕಾರರು ಒಪ್ಪಿದ್ದಾರೆ.

ಬಾಲವಿವಾಹದಲ್ಲಿ ಪೀಡಿತಳು ಎಳೆಯ ಹುಡುಗಿ. ಅವಳ ಪರವಾಗಿ ಮಾತನಾಡಬೇಕಾದ ತಂದೆತಾಯಿಗಳೇ ಆ ವಿವಾಹವನ್ನು ಮಾಡಿದವರು. ಹಾಗಾದರೆ ಆವೇದಿಸುವವರಾರು? ಕಳೆದ ನೂರಿಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟ ಶಾಸನಚರಿತ್ರೆಯನ್ನು ಈ ಪ್ರಶ್ನೆಯಿಂದಲೇ ಪರಿಶೀಲಿಸಬಹುದು.

ಬ್ರಿಟಿಷ್ ಇಂಡಿಯಾದಲ್ಲಿ 1891ರ ಕಾನೂನು ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಆದರೆ ಗಂಡನೇ ಅಪರಾಧಿಯಾದಲ್ಲಿ ಇನ್‌ಸ್ಪೆಕ್ಟರಿಗಿಂತ ಕೆಳಗಿನ ಪೋಲೀಸು ಅಧಿಕಾರಿಯು ತನಿಖೆ ಮಾಡಕೂಡದೆಂದು 1898ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ವಿಧಿಸಲಾಗಿತ್ತು. ಪೋಲೀಸರು ಅಂತಃಪುರವನ್ನು ಹೊಗುವರೆಂಬ ಭೀತಿ ಆಗ ಪ್ರಬಲವಾಗಿತ್ತು. ಮೈಸೂರು ಸಂಸ್ಥಾನವು ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1894ರಲ್ಲಿ, ವಿವಾಹವನ್ನೇ ನಿಯಂತ್ರಿಸಲು ಮುಂದಾಯಿತು. 8 ವರ್ಷ ತುಂಬದ ಕನ್ಯೆಯ ವಿವಾಹವನ್ನೂ, 50 ವರ್ಷ ಮೀರಿದ ಪುರುಷನು 14 ವರ್ಷ ತುಂಬದವಳನ್ನು ವರಿಸುವುದನ್ನೂ ಅದು ನಿಷೇಧಿಸಿತು.

ಹರಬಿಲಾಸ ಶಾರದಾ ಅವರ 1929ರ ಕಾನೂನು ವಧುವಿಗೆ 14, ವರನಿಗೆ 18 ವರ್ಷಗಳನ್ನು ಗೊತ್ತುಮಾಡಿತು. ಆದರೆ ದೂರು ಕೊಟ್ಟವನಿಂದಲೇ 100 ರೂಪಾಯಿ ಮೀರದ ಮುಚ್ಚಳಿಕೆಯನ್ನು ನ್ಯಾಯಾಲಯವು ಸಾಮಾನ್ಯವಾಗಿ ಬರೆಯಿಸಿಕೊಳ್ಳಬೇಕಾಗಿತ್ತು; ಒಂದು ವರ್ಷ ಕಳೆದರೆ ದೂರು ನಿಲ್ಲುತ್ತಿರಲಿಲ್ಲ; ನಡೆದ ವಿವಾಹವು ಸಿಂಧುವಾಗಿಯೇ ಉಳಿಯುತ್ತಿತ್ತು. ನೆರೆಹೊರೆಯವನು ವೈರವನ್ನೂ ವೆಚ್ಚವನ್ನೂ ಹೊತ್ತು ಪರರ ಮಗಳಿಗಾಗಿ ಕಚೇರಿಗೆ ಹೋಗುವುದು ದುರ್ಲಭವಷ್ಟೆ. ವಯಸ್ಸಿನ ಮಿತಿ ಏರಿತು, ಆವೇದನದ ದ್ವಾರ ಮಾತ್ರ ಇಕ್ಕಟ್ಟಾಗಿಯೇ ಉಳಿಯಿತು.

1978ರ ತಿದ್ದುಪಡಿಯು ಮಿತಿಯನ್ನು 18 ಮತ್ತು 21ಕ್ಕೆ ಏರಿಸಿದುದಲ್ಲದೆ, ವಾರಂಟಿಲ್ಲದೆ ಬಂಧಿಸುವ ಅಧಿಕಾರವನ್ನು ಬಿಟ್ಟು, ತನಿಖೆಯ ಅಧಿಕಾರವನ್ನು ಪೋಲೀಸರಿಗೆ ಕೊಟ್ಟಿತು. 2006ರ ಅಧಿನಿಯಮವು ಬಂಧನಾಧಿಕಾರವನ್ನೂ ಕೊಟ್ಟು, ನಿಷೇಧಾಧಿಕಾರಿಗಳನ್ನು ನೇಮಿಸಿತು. ಕರ್ನಾಟಕದ 2016ರ ತಿದ್ದುಪಡಿಯು ಇಂಥ ವಿವಾಹವನ್ನು ಮೂಲತಃ ಅಸಿಂಧುವೆಂದು ಸಾರಿ, ಪೋಲೀಸು ಅಧಿಕಾರಿಯು ಸ್ವಯಂಪ್ರೇರಣೆಯಿಂದಲೇ ಕ್ರಮ ಕೈಗೊಳ್ಳತಕ್ಕದ್ದೆಂದು ವಿಧಿಸಿತು. ಈ ಮಾರ್ಗವನ್ನು ಇತರ ರಾಜ್ಯಗಳೂ ಅನುಸರಿಸುವುದು ಉಚಿತವೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಅಭಿಪ್ರಾಯಪಟ್ಟಿತು.

ಹೀಗೆ ಬಾಲವಿವಾಹವು ಪೀಡಿತರ ಆವೇದನಕ್ಕಾಗಿ ಕಾಯುವ ವ್ಯವಹಾರಪದದಿಂದ ರಾಜನು ತಾನೇ ವಿಚಾರಿಸತಕ್ಕ ಅಪರಾಧವರ್ಗಕ್ಕೆ ಬಂದಿದೆ. ರಾಜಪುರುಷರ ವಿಷಯದಲ್ಲಿ ವಿಜ್ಞಾನೇಶ್ವರನು ತೋರಿದ ಎಚ್ಚರಿಕೆ ಇಂದಿಗೂ ನಿರರ್ಥಕವಲ್ಲ. ಆದರೆ ಮಾತನಾಡಲಾರದ ಮಗುವಿನ ಮೌನವನ್ನು ಸಮ್ಮತಿಯೆಂದೆಣಿಸುವುದಕ್ಕೆ ಆ ಎಚ್ಚರಿಕೆಯು ಆಧಾರವಾಗಲಾರದು.